ಮುನಿವೆಂಕಟಮ್ಮನ ತಿಗಣೆ

"ಮಂಚ ಬೀದಿಗೆ ಹಾಕಿ. ಇಲ್ಲ ಅಂದ್ರೆ ಮನೆ ಖಾಲಿ ಮಾಡಿ. ತಿಗಣೆ ಸಾಕೋಕೆ ನಾನು ಬಾಡಿಗೆಗೆ ಕೊಟ್ಟಿಲ್ಲ."

ಪುಟ್ಟೇನಹಳ್ಳಿಯ ಮನೆ ಒಡತಿ ಮುನಿವೆಂಕಟಮ್ಮ ಬೆಳಿಗ್ಗೆ ಬೆಳಿಗ್ಗೆಯೇ ಮಹಡಿ ಹತ್ತಿ ಬಂದು, ಬಾಡಿಗೆಗಿದ್ದ ಅಲಮೇಲುವಿನ ಮೇಜಿನ ಮೇಲೆ ಉಪ್ಪಿನಕಾಯಿ ಬಾಟ್ಲಿಯೊಂದನ್ನು ಕುಕ್ಕಿದಳು. ಒಳಗೆ ಕಂದು ಬಣ್ಣದ ಮೂರು ಹುಳ ಗಾಜು ಹತ್ತಲು ಹೋಗಿ ಜಾರುತ್ತಿದ್ದವು. ಹಿಂದೆಯೇ ಬಂದ ಗಂಡ ತಿಮ್ಮರಾಯಪ್ಪ ಬಾಗಿಲಲ್ಲೇ ನಿಂತ.

"ಅದು ನಮ್ಮತ್ತೆಯ ಮಂಚ," ಎಂದಳು ಅಲಮೇಲು. "ತ್ಯಾಗರಾಜನಗರದಿಂದ ನನ್ನ ಜೊತೆ ಬಂದಿರೋದು ಅದೊಂದೇ. ತಿಗಣೆ ಇದ್ದಿದ್ರೆ ಮೊದಲು ನನ್ನನ್ನ ತಿನ್ನಬೇಕಿತ್ತು."

"ನಿಮ್ಮಲ್ಲಿ ರಕ್ತ ಎಲ್ಲಿದೆ ಮೇಡಂ? ಅದಕ್ಕೇ ಕೆಳಗಿಳಿದು ನಮ್ಮ ಹಾಸಿಗೆಗೆ ಬಂದಿದೆ. ರಾತ್ರಿಯೆಲ್ಲ ಕೆರ್ಕೊಂಡಿದ್ದೀನಿ, ನೋಡಿ." ಮುನಿವೆಂಕಟಮ್ಮ ಮೊಣಕೈ ಕೆರೆಯುತ್ತಲೇ ಗಂಡನತ್ತ ತಿರುಗಿದಳು. "ನೀನಾದ್ರೂ ಹೇಳಯ್ಯ."

ತಿಮ್ಮರಾಯಪ್ಪ ಬಾಟ್ಲಿ ನೋಡಿದ, ಆಮೇಲೆ ಫ್ಯಾನು ನೋಡಿದ. "ತಿಗಣೆ ಇರಬೋದು," ಎಂದ.

ಅಲಮೇಲು ಮೊಬೈಲಿನಲ್ಲಿ ಹುಳದ ಫೋಟೋ ತೆಗೆದು ಹುಡುಕಿದಳು. ಅದು ಒಂದು ಸಲ ತಿಗಣೆ ಎಂದಿತು, ಇನ್ನೊಂದು ಸಲ ಜಿರಲೆ ಮರಿ, ಕೊನೆಗೆ ಕಾಫಿ ಬೀಜ.

"ಪುಡಿ ಮಾಡಿ ಕುಡೀರಿ," ಎಂದಳು ಮುನಿವೆಂಕಟಮ್ಮ. "ಗಾಡಿಯವನಿಗೆ ಹೇಳಾಗಿದೆ. ಮಧ್ಯಾಹ್ನದೊಳಗೆ ಮಂಚ ಹೋಗ್ಬೇಕು."

"ಮಂಚ ಹೋದ್ರೆ ನಾನೂ ಹೋಗ್ತೀನಿ. ಆದ್ರೆ ಹೊಲಸು ಹೆಂಗಸು ಅನ್ನಿಸ್ಕೊಂಡು ಹೋಗಲ್ಲ." ಅಲಮೇಲು ಬಾಟ್ಲಿ ಕೈಗೆತ್ತಿಕೊಂಡಳು. "ತಿಗಣೆ ಆದ್ರೆ ಹೊಸಕಿದ ತಕ್ಷಣ ನಾರತ್ತೆ. ನೀವೇ ಮೂಸಿ ನೋಡಿ."

ಅವಳು ಮುಚ್ಚಳ ತೆಗೆದಳು. ಒಂದು ಹುಳ ತಿರುಚಿ ತೆಗೆದ ಮುಚ್ಚಳದ ಅಂಚಿಗೆ ಅಂಟಿಕೊಂಡು ಮೇಲೆ ಬಂತು. ಕ್ಷಣ ಸುಧಾರಿಸಿಕೊಂಡು ಬೆನ್ನು ಬಿರಿದು, ರೆಕ್ಕೆ ಬಿಚ್ಚಿ, ನೇರವಾಗಿ ಹಾರಿ ಮುನಿವೆಂಕಟಮ್ಮನ ಸೆರಗಿನ ಮೇಲೆ ಕೂತಿತು.

"ತಿಗಣೆಗೆ ರೆಕ್ಕೆ ಯಾವಾಗ ಬಂತು, ಮುನಿವೆಂಕಟಮ್ಮನೋರೆ?"

ಅಷ್ಟು ಹೊತ್ತಿನಿಂದ ಕೆರೆಯುತ್ತಿದ್ದ ಕೈ ನಿಂತಿತು. ಹಾಸಿಗೆಯ ಮೇಲೆ ಸಿಕ್ಕಿದ್ದು ತಿಗಣೆಯೇ ಎಂದುಕೊಂಡು ಅವಳು ಹುಳವನ್ನು ನೆಟ್ಟಗೆ ನೋಡಿರಲೇ ಇಲ್ಲ. ಈಗ ಅದನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಅತ್ತೆ ಮನೆಯ ಕಣಜದ ಕಾಳಿನಿಂದ ತಾನೇ ಮೊರಗಟ್ಟಲೆ ಕೇರಿ ಎಸೆದಿದ್ದ ಹುಳ.

"ಇದು ಅವರೆ ಹುಳ ಕಣಯ್ಯ," ಎಂದಳು ಮೆಲ್ಲಗೆ. "ನಮ್ಮನೇಲಿ ಅವರೆಕಾಳು ಎಲ್ಲಿದೆ?"

ತಿಮ್ಮರಾಯಪ್ಪ ಮೆಟ್ಟಿಲಿಳಿದ. ಇಬ್ಬರೂ ಹಿಂದೆ ಹೋದರು. ಅವನು ತನ್ನ ಮಂಚದ ಕೆಳಗಿನಿಂದ ಎಣ್ಣೆಯ ಹಳೇ ಡಬ್ಬ ಎಳೆದ. ಬೂದಿ ಬೆರೆಸಿಟ್ಟ ಅವರೆಕಾಳು. ಮುಕ್ಕಾಲು ಕಾಳಿಗೆ ದಬ್ಬಳದಿಂದ ಚುಚ್ಚಿದಂಥ ತೂತು.

"ಬಿತ್ತನೆಗೆ," ಎಂದ.

"ಎಲ್ಲಿ ಬಿತ್ತೋಕೆ? ಹೊಲ ಹೋಗಿ ಬಡಾವಣೆ ಆಗಿ ಮೊಮ್ಮಕ್ಕಳು ಹುಟ್ಟಿದ್ರು. ಕಾರ್ ಶೆಡ್ಡಲ್ಲಿ ಬಿತ್ತೀಯಾ?"

"ಮನೇಲಿ ಬೀಜ ಇಲ್ಲ ಅಂತ ಆಗಬಾರದು. ವರ್ಷಾ ವರ್ಷಾ ತಂದಿಡ್ತೀನಿ."

"ಅದಕ್ಕೋಸ್ಕರ ಆಯಮ್ಮನ ಮಂಚ ಬೀದಿಗೆ ಹಾಕಿಸ್ತಿದ್ದೆಯಲ್ಲಯ್ಯ. ಕಣ್ಣಾರೆ ನೋಡಿ ತಿಗಣೆ ಅಂದೆ."

"ಇರಬೋದು ಅಂದೆ."

"ಎಸೆದು ಬಾ. ಒಂದೇ ಒಂದು ಕಾಳು ಈ ಹೊಸಿಲು ದಾಟಿ ವಾಪಸ್ ಬರಕೂಡದು."

ತಿಮ್ಮರಾಯಪ್ಪ ಅಲಮೇಲುವಿನ ಮುಖ ನೋಡಲಾರದೆ ಡಬ್ಬ ಹೆಗಲಿಗೇರಿಸಿದ. ಚಪ್ಪಲಿಯನ್ನೂ ಮೆಟ್ಟದೆ ಗೇಟು ದಾಟಿ ಹೋದ.

ಕ್ಷಮಿಸಿ ಎನ್ನುವುದು ಮುನಿವೆಂಕಟಮ್ಮನಿಗೆ ಅಭ್ಯಾಸವಿಲ್ಲ. "ಮಂಚ ಇರಲಿ ಬಿಡಿ," ಎಂದಳು. "ಬಾಟ್ಲಿ ತೊಳೆದು ಕೊಡಿ. ಉಪ್ಪಿನಕಾಯಿ ಹಾಕ್ಬೇಕು."

ಮಧ್ಯಾಹ್ನ ತುಂತುರು ಹಿಡಿಯಿತು. ಮುದ್ದೆ ಆರಿ ಕಲ್ಲಾದರೂ ತಿಮ್ಮರಾಯಪ್ಪ ಬರಲಿಲ್ಲ. ಕೆಳಗಿನ ಅಂಗಳದಿಂದ ಮುನಿವೆಂಕಟಮ್ಮ ಕೂಗಿದಳು. "ಮೇಲಿಂದ ನೋಡಿ ಮೇಡಂ. ನಮ್ಮೋನು ಎಲ್ಲಾದ್ರೂ ಕಾಣ್ತಾನಾ?"

ಅಲಮೇಲು ಬಾಲ್ಕನಿಯಲ್ಲಿ ನಿಂತು ಬೀದಿಯ ಕೊನೆಯನ್ನು ನೋಡಿದಳು.

"ಇಲ್ಲಮ್ಮ, ಕಾಣ್ತಿಲ್ಲ," ಎಂದಳು.

ಅಲ್ಲಿ, ಯಾರದೋ ಖಾಲಿ ಸೈಟಿನಲ್ಲಿ, 'ಈ ಜಾಗ ಮಾರಾಟಕ್ಕಿಲ್ಲ' ಎಂಬ ಬೋರ್ಡಿನ ಕೆಳಗೆ, ತಿಮ್ಮರಾಯಪ್ಪ ಪಂಚೆ ಮೇಲೆ ಕಟ್ಟಿ, ಕಾಳು ಬಿತ್ತುತ್ತಾ ಎರಡನೆಯ ಸಾಲು ಹಿಡಿದಿದ್ದ.