ಮಿಷನ್ ನಿಂತ ಸಾಲು

‘ಅಮ್ಮ ಕಣ್ಣು ಮುಚ್ಚುವಾಗ ಅವಳ ಕೈ ನನ್ನ ಕೈಯಲ್ಲಿತ್ತು’ ಎಂದು ಕಥೆಗಾರ ತನ್ನ ಹೊಸ ಕಥೆಯ ಕೊನೆಯ ಸಾಲನ್ನು ಓದಿದ್ದೇ ತಡ, ಅಕ್ಕನ ಹೊಲಿಗೆ ಮಿಷನ್ ಗಕ್ಕನೆ ನಿಂತಿತು.

ಶಾಲೆಯ ದಿನಗಳಿಂದಲೂ ಅವನು ಬರೆದದ್ದನ್ನೆಲ್ಲ ಮೊದಲು ಓದುತ್ತಿದ್ದುದು ಈ ಮಿಷನ್ನಿನ ಪಕ್ಕದಲ್ಲೇ, ಬಟ್ಟೆ ಚೂರುಗಳ ನಡುವೆ ಕೂತು. ಸುಳ್ಳು ಕಿವಿಗೆ ಬಿದ್ದರೆ ಸಾಕು, ಪೆಡಲು ತುಳಿಯುವ ಅಕ್ಕನ ಕಾಲು ನಿಂತುಬಿಡುತ್ತಿತ್ತು. “ಜಿರಳೆ ಕಂಡ್ರೆ ಮಂಚ ಹತ್ತೋನು ನೀನು, ಕಳ್ಳನ್ನ ಹಿಡಿದ್ಯಾ?” ಎಂದು ಅವನ ಮೊದಲ ಕಥೆಗೇ ಬಿದ್ದು ಬಿದ್ದು ನಕ್ಕಿದ್ದಳು. ಇವತ್ತು ನಗಲಿಲ್ಲ.

“ನೀನು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತಲ್ಲೋ,” ಎಂದಳು, ಸೂಜಿಯಿಂದ ಕಣ್ಣೆತ್ತದೆ.

“ಕಥೆ ತಾನೇ, ಅಕ್ಕಾ...”

“ಕಥೆ ಅಂತ, ಅಮ್ಮನ ಕೈ ಹಿಡ್ಕೊಂಡು ಕೂತಿದ್ದೋರನ್ನ ಎಬ್ಬಿಸಿ ನೀನು ಕೂತ್ಕೋತೀಯಾ?”

ಅವನು ‘ನನ್ನ’ ಎಂಬುದನ್ನು ಹೊಡೆದುಹಾಕಿ, ಮೇಲೆ ಇನ್ನೇನೋ ಬರೆದು, ಮತ್ತೆ ಓದಿದ: ‘ಅಮ್ಮ ಕಣ್ಣು ಮುಚ್ಚುವಾಗ ಅವಳ ಕೈ ಅಕ್ಕನ ಕೈಯಲ್ಲಿತ್ತು. ನಾನಿನ್ನೂ ಬಸ್ಸಿನಲ್ಲಿದ್ದೆ.’

ಮಿಷನ್ ಶುರುವಾಗಲಿಲ್ಲ. ಇನ್ನೆಲ್ಲಿ ಸುಳ್ಳು ಉಳಿಯಿತೆಂದು ಅವನು ತಲೆಯೆತ್ತಿದ. ಅಕ್ಕ, ಯಾರದೋ ಮಗುವಿನ ಅರ್ಧ ಹೊಲಿದ ಫ್ರಾಕನ್ನು ಮುಖಕ್ಕೆ ಒತ್ತಿಕೊಂಡಿದ್ದಳು.