ಎದುರಿಗೇ ನುಂಗಬೇಕು

ಈ ಜ್ವರದ ಸೋಂಕಿಗೆ ನಾಟುವ ಗುಳಿಗೆ ಅಂತ ಈಗ ಉಳಿದದ್ದು ಒಂದೇ ಬಗೆ; ಅದೂ ಹೆಸರು ಬರೆಸಿದ ರೋಗಿಗಳಿಗೆ ಎಣಿಸಿದಷ್ಟೇ ಬರುತ್ತಿತ್ತು. ಅದನ್ನು ರೋಗಿಯ ಕೈಗೆ ಕೊಟ್ಟು ಬರುವಂತಿರಲಿಲ್ಲ. ಆರೋಗ್ಯ ಕೇಂದ್ರದ ಸುಲೋಚನಾ ನೇಕಾರರ ಓಣಿಯಲ್ಲಿ ದಿನಾ ಮನೆಮನೆಗೆ ಹೋಗಿ, ಕಣ್ಣೆದುರೇ ನುಂಗಿಸಿ, ಬಾಯಿ ನೋಡಿ ಬರಬೇಕು. ಮಧ್ಯಾಹ್ನ ನೀಲವ್ವನ ಮನೆ ಮುಟ್ಟುವಷ್ಟರಲ್ಲಿ ಅವಳ ಕಾಲುಗಳು ಸೋತಿದ್ದವು.

ನೀಲವ್ವ ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ನಾಲಗಿ ಎತ್ತವ್ವ," ಎಂದಳು ಸುಲೋಚನಾ.

ನೀಲವ್ವ ಎತ್ತಲಿಲ್ಲ. ಗುಳಿಗೆಯನ್ನು ಅಂಗೈಗೆ ಉಗುಳಿ, "ನನಗ ಜ್ವರ ಬಿಟ್ಟೈತ್ರಿ ಅಕ್ಕಾರ. ನಿನ್ನೆಯಿಂದ ತಂಗಿಗೆ ಹತ್ತೈತಿ. ನನ್ನ ಪಾಲಿನ ಉಳಿದ ದಿನದ ಗುಳಿಗಿ ಆಕಿಗೆ ಆಗಲಿ," ಎಂದಳು. ಒಳಗೆ ಮಗ್ಗದ ಪಕ್ಕ ಮಲಗಿದ್ದ ತಂಗಿ ಕಾಶವ್ವ ಕೆಮ್ಮುತ್ತಿದ್ದಳು.

ಸುಲೋಚನಾ ಅಲ್ಲೇ ನೆಲದ ಮೇಲೆ ಕೂತಳು. ಸಿಟ್ಟು ಮಾಡುವ ಶಕ್ತಿಯೂ ಉಳಿದಿರಲಿಲ್ಲ.

"ಅರ್ಧಕ್ಕ ಬಿಟ್ಟರ ನಿನಗ ತಿರುಗಿ ಬರತೈತಿ. ಉಳಿದರ್ಧ ತಿಂದ್ರ ಆಕಿಗೂ ಜ್ವರ ಹೋಗಂಗಿಲ್ಲ. ನಿಮ್ಮಿಬ್ಬರಿಂದ ಬ್ಯಾರೆಯವರಿಗೆ ಹತ್ತಿದ್ರ, ಅವರಿಗೆ ಈ ಗುಳಿಗಿನೂ ನಾಟಂಗಿಲ್ಲ."

"ಹಂಗಾದ್ರ ಆಕಿ ಗತಿ?"

ಅಷ್ಟರಲ್ಲಿ ಕಾಶವ್ವ ಒಳಗಿನಿಂದಲೇ ಕೂಗಿದಳು. "ನುಂಗು ಅಕ್ಕಾ. ಇಬ್ಬರೂ ಮಲಗಿದ್ರ ನನಗ ನೀರು ಕೊಡೋರು ಯಾರು?"

ನೀಲವ್ವ ಕಣ್ಣು ಮುಚ್ಚಿಕೊಂಡು ನುಂಗಿದಳು. ಯಾರೂ ಹೇಳದೆಯೇ ನಾಲಗೆ ಎತ್ತಿ ತೋರಿಸಿದಳು.

"ಮುಂದಿನ ಸಲ ಗುಳಿಗಿ ಬಂದ ಕೂಡಲೇ ಮೊದಲು ಇಲ್ಲಿಗೇ ತರ್ತೀನಿ," ಎನ್ನುತ್ತ ಸುಲೋಚನಾ ಎದ್ದಳು.

ಇದೇ ಮಾತನ್ನು ಅವಳು ಪಕ್ಕದ ಮನೆಯಲ್ಲೂ ಹೇಳಿ ಬಂದಿದ್ದಳು. ನಡುವೆ ಒಂದು ತೆಳು ಗೋಡೆ, ಅಷ್ಟೇ. ನೀಲವ್ವನಿಗೆ ಎಲ್ಲ ಕೇಳಿಸಿತ್ತು.

"ಹೂಂ ರೀ ಅಕ್ಕಾರ, ದಾರಿ ನೋಡ್ತೀವಿ," ಅಂದಳು.