ಎಡಕ್ಕೆ ಎಳೆಯುವ ಚುಕುಡು

ಗೋಮಾ ಪೇಟೆಗೆ ಆಲೂಗಡ್ಡೆ ಮೂಟೆ ಹೇರಿಕೊಂಡು ಹೊರಟಿದ್ದ ಕಸೆರೆಕನ ಚುಕುಡು ಇಳಿಜಾರಿನಲ್ಲಿ ಎಡಕ್ಕೆ ಎಳೆದುಕೊಂಡು ಹೋಗಿ, ಕಾಹಿಂದೊಳ ಹೆಂಡದಂಗಡಿಯ ಬೆಂಚಿಗೆ ಗುದ್ದಿ ನಿಂತಿತು. ಮುಂದೊಂದು ಹಿಂದೊಂದು, ಎರಡೇ ಚಕ್ರದ ಆ ಮರದ ಗಾಡಿಯಿಂದ ಇಳಿದ ಕಸೆರೆಕ, ಹೇಗೂ ಬಂದದ್ದಾಯಿತಲ್ಲ ಎಂದು ಬಾಳೆಹಣ್ಣಿನ ಹೆಂಡಕ್ಕೆ ಕೈಚಾಚಿದ. ಎದುರಿನ ಚರ್ಚಿನ ಬಾಗಿಲಲ್ಲಿ ನಿಂತಿದ್ದ ಪಾದ್ರಿ ಕಾಕುಲೆ ಇದನ್ನು ಕಣ್ಣಾರೆ ಕಂಡರು. ನಿಲುವಂಗಿ ಎತ್ತಿ ಹಿಡಿದು, ಅಂಗಡಿಯ ಪಕ್ಕದಲ್ಲೇ ಇದ್ದ, ಕಾಹಿಂದೊಳ ಗಂಡ ಬಡಗಿ ಕಟೆಂಬೊನ ಕೊಟ್ಟಿಗೆಗೆ ನುಗ್ಗಿದರು.

"ಗಂಡ ಗಾಡಿ ಮಾಡೋದು, ಹೆಂಡ್ತಿ ಗಿರಾಕಿ ಹಿಡಿಯೋದು! ಚೆನ್ನಾಗಿದೆ ಕಣಯ್ಯಾ ನಿಮ್ಮ ಸಂಸಾರ!"

"ದೇವರಾಣೆ, ನಾನು ಬೇಕೂಂತ ಮಾಡಿದ್ದಲ್ಲ ಫಾದರ್!"

"ದೇವರನ್ನ ನಡುವೆ ಎಳೀಬೇಡ. ಭಾನುವಾರದೊಳಗೆ ಗಾಡಿ ನೆಟ್ಟಗೆ ಓಡ್ಬೇಕು. ಇಲ್ಲಾಂದ್ರೆ ಪೂಜೆ ಹೊತ್ತಲ್ಲೇ ಹೇಳ್ತೀನಿ, ಕಟೆಂಬೊನ ಚುಕುಡು ಓಡಿಸೋನು ಸೈತಾನ ಅಂತ. ಆಮೇಲೆ ಯಾರು ಕೊಳ್ತಾರೋ ನೋಡೋಣ."

ಆಗಲಿ ಎಂದು ಕಟೆಂಬೊ ತಲೆಯಾಡಿಸಿದ. ಪಾದ್ರಿ ಬೇಡವೆಂದರೆ ಆ ಊರಿನಲ್ಲಿ ಯಾರೂ ಒಂದು ಮೊಳೆಯನ್ನೂ ಕೊಳ್ಳುವುದಿಲ್ಲ. ಹೆಂಡ ಮಾತ್ರ ಕೊಳ್ಳುತ್ತಾರೆ, ಅದು ಬೇರೆ ವಿಷಯ.

ಪಾಪ, ಅವನು ಮಾಡಿದ ಪಾಪವಾದರೂ ಏನು? ಮೊದಲೆಲ್ಲ ಮುಂದಿನ ಚಕ್ರ ಹಿಡಿಯುವ ಕವಲಿಗೆ ಇರುಸಿನ ತೂತನ್ನು ಕಣ್ಣಳತೆಯಲ್ಲೇ ಕೊರೆಯುತ್ತಿದ್ದ. ಒಂದು ಗಾಡಿ ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ, ಯಾರೂ ತಕರಾರು ಎತ್ತಿರಲಿಲ್ಲ. ಎಲ್ಲ ತೂತೂ ಒಂದೇ ಸಮ ಬರಲಿ ಎಂಬ ದುರಾಸೆ ಹುಟ್ಟಿದ್ದೇ ತಪ್ಪಾಯಿತು. ಗಟ್ಟಿ ಮರದ ತುಂಡಿಗೆ ತೂತು ಕೊರೆದು, ಬೈರಿಗೆಗೆ ದಾರಿ ತೋರುವ ಒಂದು ಅಚ್ಚು ಮಾಡಿಕೊಂಡ. ಅದನ್ನು ಕವಲಿಗೆ ಬಿಗಿದು, ತೂತಿನೊಳಗಿಂದ ಬೈರಿಗೆ ತೂರಿಸಿದರೆ ಮುಗಿಯಿತು. ಆದರೆ ಅಚ್ಚಿನ ತೂತನ್ನು ಕೊರೆದದ್ದೂ ಅದೇ ವಾಲುವ ಕೈ ತಾನೇ? ಈಗ ಅವನ ಗಾಡಿಗಳೆಲ್ಲ ಮಾತಾಡಿಕೊಂಡಂತೆ ಎಡಕ್ಕೇ, ಹೆಂಡದಂಗಡಿಯತ್ತಲೇ ಎಳೆಯುತ್ತಿದ್ದವು.

ಅಚ್ಚನ್ನು ಒಲೆಗೆ ಹಾಕಲು ಹೋದರೆ ಕಾಹಿಂದೊ ಅಡ್ಡ ನಿಂತಳು.

"ಅದನ್ನ ಮುಟ್ಟಿದ್ರೆ ನೋಡು! ಮದುವೆಯಾದ ಮೇಲೆ ನೀನು ನೆಟ್ಟಗೆ ಮಾಡಿದ ಕೆಲಸ ಅದೊಂದೇ."

"ಅದು ಸೊಟ್ಟಗಿದೆ ಕಣೇ!"

"ಸೊಟ್ಟಗಿರೋದಕ್ಕೇ ನಮ್ಮನೆ ಒಲೆ ಉರೀತಿದೆ."

ಕಟೆಂಬೊ ಹಳೆಯ ಅಚ್ಚನ್ನು ಅವಳ ಕೈಗೇ ಕೊಟ್ಟು ಹೊಸದಕ್ಕೆ ಕೂತ. ಈ ಸಲ ಬೈರಿಗೆಯನ್ನು ಮುಟ್ಟಲೇ ಇಲ್ಲ. ಎರಡು ತುಂಡುಗಳ ಮೇಲೆ ಮೂಲೆಮಟ್ಟ ಇಟ್ಟು ಗೆರೆ ಎಳೆದ. ಗೆರೆಗುಂಟ ಗರಗಸದಿಂದ ತೋಡು ತೆಗೆದು ಎರಡನ್ನೂ ಮುಖಾಮುಖಿ ಅಂಟಿಸಿದ. ಕೊರೆಯದೆಯೇ ನಡುವೆ ನೆಟ್ಟನೆಯ ತೂತು ಸಿದ್ಧವಾಯಿತು.

ಶನಿವಾರ ಕಸೆರೆಕ ಆ ಅಚ್ಚಿನಿಂದ ಕೊರೆದ ಹೊಸ ಕವಲಿನ ಗಾಡಿ ಏರಿ, ಹೊರೆ ಸಮೇತ ಬೆಟ್ಟದ ಮೇಲಿಂದ ಬಂದ. ಎಡಕ್ಕೆ ಕಾಹಿಂದೊ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು, ಬಲಕ್ಕೆ ಪಾದ್ರಿ ಜಪಮಾಲೆ ಹಿಡಿದು ನಿಂತಿದ್ದರು. ಗಾಡಿ ಇಬ್ಬರ ನಡುವೆ ನೂಲು ಹಿಡಿದಂತೆ ನೆಟ್ಟಗೆ ಹಾದು ಹೋಯಿತು. "ದೇವರಿಗೆ ಸ್ತೋತ್ರ!" ಎಂದು ಪಾದ್ರಿ ಕೂಗಿದರು. ಕಾಹಿಂದೊ ಮುಖ ಸಿಂಡರಿಸಿದಳು. ಇಷ್ಟು ವರ್ಷಕ್ಕೆ ತನ್ನ ಕೈಯಿಂದ ನೆಟ್ಟಗಿನದೊಂದು ಹುಟ್ಟಿತಲ್ಲ ಎಂದು ಕಟೆಂಬೊನಿಗೆ ಕಣ್ಣೀರೇ ಬಂತು.

ದೂರದ ತಗ್ಗಿನಲ್ಲಿ ಕಸೆರೆಕ ರಬ್ಬರಿನ ಬ್ರೇಕು ತುಳಿದು ಇಳಿದ. ಚಕ್ರವನ್ನು ಮೆಚ್ಚಿ ಒಮ್ಮೆ ತಟ್ಟಿದ. ಆಮೇಲೆ ಅಷ್ಟೂ ಹೊರೆಯ ಗಾಡಿಯನ್ನು ತಿರುಗಿಸಿ, ಬೆವರು ಸುರಿಸುತ್ತ, ಇಳಿದ ದಾರಿಯನ್ನೇ ಮತ್ತೆ ಹತ್ತಿಸಿಕೊಂಡು ಬಂದು ಹೆಂಡದಂಗಡಿಯ ಬೆಂಚಿಗೆ ಒರಗಿಸಿದ.

"ಕಾಹಿಂದಕ್ಕಾ, ಒಂದು ಬುರುಡೆ ಹೆಂಡ ಹಾಕು. ಏರು ಹತ್ತಿ ಗಂಟಲು ಒಣಗಿದೆ."

ಪಾದ್ರಿ ಕಣ್ಣು ಕೆಂಪಗೆ ಮಾಡಿಕೊಂಡು ಕಟೆಂಬೊನತ್ತ ತಿರುಗಿದರು. ಅವನು ಹೊಸ ಅಚ್ಚಿನ ಮೇಲಿನ ಹೊಟ್ಟನ್ನು ಉಫ್ ಎಂದು ಊದಿದ.

"ಮರದ್ದು ನನ್ನ ಕೆಲಸ ಫಾದರ್, ಮುಗಿಸಿದೀನಿ. ಇನ್ನು ಉಳಿದಿದ್ದು ನಿಮ್ಮದು."